ಯಾರೂ ತಪ್ಪುಮಾಡದ ಮನೆ

ಸ್ತ್ರೀಯರ ಅಂತರಂಗವನ್ನು ಕುರಿತ ಸಣ್ಣಕಥೆಗಳನ್ನು ಓದಿದ ಸಜ್ಜನರು ಒಂದು ಮಾತನ್ನು ಆಗಾಗ ಹೇಳುವುದುಂಟು: “ಈ ಕಥೆಯಲ್ಲಿ ನಡೆದದ್ದಾದರೂ ಏನು? ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ, ಮನೆಬಿಟ್ಟು ಅಲೆಯುವವನೂ ಅಲ್ಲ. ಉಣ್ಣುವುದಕ್ಕೆ ಉಡುವುದಕ್ಕೆ ಕೊರತೆಯಿಲ್ಲ. ಅತ್ತೆಯೂ ಸಾಧುಸ್ವಭಾವದವಳು. ಹೀಗಿದ್ದೂ ಆಕೆ ಕಿಟಕಿಯ ಬಳಿ ನಿಂತು ಕಣ್ಣೊರಸಿಕೊಳ್ಳುವುದೇಕೆ? ಕಾರಣವಿಲ್ಲದ ದುಃಖವನ್ನು ಬರೆಯುವುದರಿಂದ ಲೋಕಕ್ಕೆ ಪ್ರಯೋಜನವೇನು?” ವಿಮರ್ಶಕರು ಇದನ್ನು ಸಾಹಿತ್ಯದ ಆಕ್ಷೇಪವೆಂದು ಭಾವಿಸಿ ಉತ್ತರ ಹೇಳಲು ಹೊರಡುತ್ತಾರೆ, ಪಾತ್ರಪೋಷಣೆ, ವಾತಾವರಣ, ಧ್ವನಿ ಮೊದಲಾದ ಮಾತುಗಳನ್ನು ತರುತ್ತಾರೆ. ನನಗೆ ತೋರುವಂತೆ ಈ ಆಕ್ಷೇಪವು ಧರ್ಮವಿಚಾರಕ್ಕೆ ಸೇರಿದ್ದು. ಯಾರೂ ತಪ್ಪುಮಾಡದ ಮನೆಯೊಂದರಲ್ಲಿ ಒಬ್ಬಳು ವರ್ಷಗಟ್ಟಲೆ ಒಂಟಿಯಾಗಿದ್ದರೆ ಅಲ್ಲಿ ಅನ್ಯಾಯ ನಡೆದಿದೆಯೆಂದು ಹೇಳಬಹುದೆ? ಹೇಳಬಹುದಾದರೆ ಮಾಡಿದವರು ಯಾರು? ಪ್ರಶ್ನೆ ಇಷ್ಟು.

ಕ್ರೌರ್ಯವನ್ನು ಹೇಳುವ ಕಥೆಗಳನ್ನು ಇಲ್ಲಿ ಬದಿಗಿಡುತ್ತೇನೆ. ಅಲ್ಲಿ ಉತ್ತರವು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಲೋಕವು ತಿದ್ದಿಕೊಳ್ಳದಿರುವುದು ಬೇರೊಂದು ವಿಚಾರ. ನಮ್ಮನ್ನು ಕಕ್ಕಾಬಿಕ್ಕಿ ಮಾಡತಕ್ಕವು ಒಳ್ಳೆಯವರ ಮನೆಯ ಕಥೆಗಳು.

ಇಂಥ ಕಥೆಗಳಲ್ಲೆಲ್ಲ ನಾನು ಮೇಲೆಂದು ಎಣಿಸುವುದು ರವೀಂದ್ರನಾಥ ಠಾಕೂರರು 1901ರಲ್ಲಿ ಬರೆದ ‘ನಷ್ಟನೀಡ’. ಅಳತೆಯಲ್ಲಿ ಅದು ಸಣ್ಣಕಥೆಗಿಂತ ತುಸು ದೀರ್ಘವಾದದ್ದು. ಸತ್ಯಜಿತ್ ರಾಯರು 1964ರಲ್ಲಿ ಅದನ್ನು ‘ಚಾರುಲತಾ’ ಎಂಬ ಚಿತ್ರವನ್ನಾಗಿ ಮಾಡಿದ್ದರಿಂದ ಬಂಗಾಳಿಯನ್ನರಿಯದವರಿಗೂ ಕಥೆಯ ಪರಿಚಯ ಇದ್ದೀತು. ಭೂಪತಿಯು ಸಿರಿವಂತ; ದುಡಿದು ಉಣ್ಣಬೇಕಾದವನಲ್ಲ. ದೇಶಹಿತದ ಉತ್ಸಾಹದಿಂದ ಒಂದು ಇಂಗ್ಲಿಷ್ ವೃತ್ತಪತ್ರಿಕೆಯನ್ನು ನಡೆಸುತ್ತಾನೆ. ಬಾಲ್ಯದಲ್ಲಿಯೇ ಮದುವೆಯಾಗಿ ಬಂದ ಚಾರುಲತೆಯು ಅದೇ ಮನೆಯಲ್ಲಿ ಬೆಳೆದು ತರುಣಿಯಾದದ್ದು ಪತ್ರಿಕೆಯ ಗದ್ದಲದಲ್ಲಿ ಅವನ ಗಮನಕ್ಕೆ ಬರುವುದಿಲ್ಲ. ಬಂಧುಗಳೊಬ್ಬರು ಗದರಿಸಿ ಹೇಳಿದಾಗ ಅವನಿಗೆ ಎಚ್ಚರವಾಗುತ್ತದೆ. ಆದರೆ ಎಂಥ ಎಚ್ಚರ! ಹೆಂಡತಿಗೆ ಜೊತೆಯಿಲ್ಲ, ಜೊತೆಯೊಂದನ್ನು ಒದಗಿಸಬೇಕು ಎಂದುಕೊಂಡು, ಭಾವಮೈದುನನ ಹೆಂಡತಿ ಮಂದಾಳನ್ನು ಮನೆಗೆ ಕರೆಸಿಬಿಡುತ್ತಾನೆ. ಕೋಣೆಗೆ ಬೀರುವಿಲ್ಲವೆಂದು ತಿಳಿದೊಡನೆ ಬಡಗಿಗೆ ಹೇಳಿಕಳುಹಿಸಿದ ಹಾಗೆ. ತಾನೇ ಹೋಗಿ ಆಕೆಯ ಬಳಿ ಒಂದು ಗಳಿಗೆ ಕೂರಬಹುದೆಂಬ ಆಲೋಚನೆ ಅವನ ಮನಸ್ಸಿಗೆ ಹೊಳೆಯುವುದಿಲ್ಲ. ಈ ಒಂದು ವಿವರದಲ್ಲಿ ಠಾಕೂರರು ಭೂಪತಿಯ ಒಳ್ಳೆಯತನವನ್ನೂ ಅದರ ಮಿತಿಯನ್ನೂ ಕೂಡಿಯೇ ಕಾಣಿಸಿದ್ದಾರೆ.

ಜೊತೆ ಸಿಕ್ಕಿದ್ದು ಬೇರೆಡೆಯಿಂದ. ಭೂಪತಿಯ ಸೋದರತ್ತೆಯ ಮಗ ಅಮಲನು ಕಾಲೇಜಿನಲ್ಲಿ ಓದುತ್ತ ಆ ಮನೆಯಲ್ಲಿಯೇ ಇರುತ್ತಾನೆ. ಚಾರುವಿಗೆ ಪಾಠ ಹೇಳುವವನು ಅವನೇ, ಕಾಡಿಸಿ ಅದುಬೇಕು ಇದುಬೇಕೆಂದು ಕೆಲಸ ಹೇಳುವವನೂ ಅವನೇ. ಇಬ್ಬರೂ ಕೂಡಿ ಹಿತ್ತಲಿನಲ್ಲಿ ತೋಟವೊಂದನ್ನು ಮಾಡಬೇಕೆಂದು ಮನಸ್ಸಿನಲ್ಲಿಯೇ ನಕ್ಷೆ ಹಾಕುತ್ತಾರೆ. ಅಮಲನು ಬರೆದದ್ದನ್ನು ಆಕೆ ಕೇಳುತ್ತಾಳೆ. ಕಡೆಗೆ ತಾನೂ ಬರೆಯುತ್ತಾಳೆ. ಈ ಸಖ್ಯಕ್ಕೆ ಏನು ಹೆಸರೆಂಬುದನ್ನು ಆಕೆ ತಿಳಿದದ್ದು ಅಮಲನು ಮದುವೆಮಾಡಿಕೊಂಡು ವಿಲಾಯತಿಗೆ ಹೊರಟುಹೋದಮೇಲೆ. ಅತ್ತ ಭಾವಮೈದುನನ ಮೋಸದಿಂದ ಪತ್ರಿಕೆಯು ಮುಳುಗಿ, ಭೂಪತಿಯು ಬಳಲಿದವನಾಗಿ ಹೆಂಡತಿಯ ಕಡೆಗೆ ತಿರುಗುತ್ತಾನೆ. ಆಕೆಗೆ ಬರವಣಿಗೆ ಪ್ರಿಯವೆಂದು ತಿಳಿದು ಈ ಪ್ರೌಢವಯಸ್ಸಿನಲ್ಲಿ ತಾನೂ ಬಂಗಾಳಿಯಲ್ಲಿ ಬರೆಯಲು ಕೂರುತ್ತಾನೆ. ಓದುವವರಿಗೆ ಅಳು ಬರತಕ್ಕದ್ದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಏಕೆಂದರೆ ಮನುಷ್ಯನು ಪ್ರಾಮಾಣಿಕನಾಗಿ ಬಾಗಿಲು ತಟ್ಟುತ್ತಿದ್ದಾನೆ, ಒಳಗಿರುವವಳೂ ತೆರೆಯಬೇಕೆಂದೇ ಇಚ್ಛಿಸುತ್ತಾಳೆ. ಆದರೆ ತೆರೆಯುವ ಶಕ್ತಿ ಆಕೆಗೆ ಉಳಿದಿಲ್ಲ.

ಈಗ ತೀರ್ಪು ಹೇಳುವವರು ಹೇಳಲಿ. ಭೂಪತಿಯು ಆಡಿದ ಒಂದು ಕಠಿನವಾದ ಮಾತು ಕಥೆಯಲ್ಲಿಲ್ಲ. ಚಾರುವು ಗಂಡನಿಗೆ ದ್ರೋಹ ಬಗೆಯಬೇಕೆಂದು ಹೊರಟವಳಲ್ಲ. ಅಮಲನು ತನ್ನ ಸ್ಥಿತಿಯನ್ನರಿತ ಗಳಿಗೆಯಲ್ಲಿಯೇ ದೂರ ಹೋದನು. ಗೂಡು ಮಾತ್ರ ಕೆಟ್ಟಿತು. ಅರಿಯದೆ ಇದ್ದುದೊಂದೇ ಭೂಪತಿಯ ಮೇಲಿನ ಆರೋಪ, ಅರಿಯದಿರುವುದು ಅಪರಾಧವೆ?

ವ್ಯವಹಾರದಲ್ಲಿ ನಾವು ಅರಿಯದಿರುವುದನ್ನು ಎರಡು ಬಗೆಯಾಗಿ ಎಣಿಸುತ್ತೇವೆ. ಮಳೆಗಾಲದ ರಾತ್ರಿ ಸೇತುವೆ ಕುಸಿದದ್ದನ್ನು ಅರಿಯದೆ ಗಾಡಿ ಹೊಡೆದವನನ್ನು ಯಾರೂ ದೂಷಿಸುವುದಿಲ್ಲ. ತನ್ನ ಹೊಲದ ಬಾವಿಗೆ ಕಟ್ಟೆಯಿಲ್ಲವೆಂಬುದನ್ನು ಹತ್ತು ವರ್ಷ ನೋಡದೆ ಇದ್ದವನನ್ನು, ಮಗುವೊಂದು ಅದರಲ್ಲಿ ಬಿದ್ದಾಗ, ದೂಷಿಸುತ್ತೇವೆ. ಎರಡನೆಯವನು ಅರಿಯಲಿಲ್ಲವೆಂಬುದು ನಿಜ. ಆದರೆ ಅರಿಯುವುದು ಅವನ ಕೆಲಸವಾಗಿತ್ತು. ಮನೆಯಲ್ಲಿ ಜೊತೆಗಿರುವವರ ಮನಸ್ಸನ್ನು ಅರಿಯುವುದು ಯಾರ ಕೆಲಸವೂ ಅಲ್ಲವೆಂದು ನಾವು ನಂಬಿಕೊಂಡಿದ್ದೇವೆಯೆ? ನಮ್ಮ ವಿವಾಹವಿಧಿಯನ್ನೇ ನೋಡಬಹುದು. ಧರ್ಮಾರ್ಥಕಾಮಗಳಲ್ಲಿ ಇವಳನ್ನು ಮೀರಿ ನಡೆಯುವುದಿಲ್ಲವೆಂದು ವರನು ಒಪ್ಪಿಕೊಳ್ಳುತ್ತಾನೆ. ಭೂಪತಿಯು ಆ ಮಾತನ್ನು ಪೂರ್ಣವಾಗಿ ನಡೆಸಿಕೊಟ್ಟನೆಂದೇ ಹೇಳಬೇಕು. ಆದರೆ ಅದೇ ಮಂಟಪದಲ್ಲಿ ಏಳು ಹೆಜ್ಜೆಗಳನ್ನು ಇಡುವುದುಂಟು. ಅನ್ನಕ್ಕೆ, ಬಲಕ್ಕೆ, ಸಂತಾನಕ್ಕೆ ಎಂದು ಮೊದಲಾಗಿ ಎಣಿಸಿಕೊಂಡು ಬಂದು ಏಳನೆಯ ಹೆಜ್ಜೆಯನ್ನು ಸಖ್ಯಕ್ಕಾಗಿ ಇಡುತ್ತಾರೆ. ಪುರೋಹಿತರು ಆ ವೇಳೆಗೆ ಅವಸರದಲ್ಲಿರುತ್ತಾರೆ, ಬಂಧುಗಳು ಎಲೆ ಹಾಕಿದೆಯೋ ಎಂದು ನೋಡುತ್ತಿರುತ್ತಾರೆ. ಏಳನೆಯ ಹೆಜ್ಜೆಯನ್ನು ಯಾರು ಗಮನಿಸುತ್ತಾರೆ? ಮೊದಲಿನ ಆರನ್ನು ನಡೆಸಿದವನಿಗೆ ಲೋಕದಲ್ಲಿ ಒಳ್ಳೆಯ ಗೃಹಸ್ಥನೆಂಬ ಹೆಸರು ಬರುತ್ತದೆ. ಏಳನೆಯದರ ಲೆಕ್ಕವನ್ನು ಕೇಳುವವರು ಕಥೆಗಾರರೊಬ್ಬರೇ.

ಇದಕ್ಕೆ ಬಲವಾದ ಒಂದು ಪ್ರತಿವಾದವುಂಟು. ಮನಸ್ಸು ಅವರವರದು. ಅದರಲ್ಲಿ ಏನಿದೆಯೆಂದು ತೋಡಿ ನೋಡುವ ಅಧಿಕಾರ ಗಂಡನಿಗಾಗಲಿ ಅತ್ತೆಗಾಗಲಿ ಏಕಿರಬೇಕು? ಹೆಂಗಸರಿಗೆ ಮನೆಯಲ್ಲಿ ಸ್ವಂತದ್ದೆಂದು ಒಂದು ಮೂಲೆಯೂ ಇಲ್ಲದಿದ್ದ ಕಾಲದಲ್ಲಿ ಮನಸ್ಸೊಂದಾದರೂ ಸ್ವಂತದ್ದಾಗಿತ್ತು. ಅದನ್ನೂ ಅರಿಯುತ್ತೇವೆಂದು ಹೊರಡುವುದು ಮತ್ತೊಂದು ಬಗೆಯ ದಬ್ಬಾಳಿಕೆಯಾಗದೆ? ಈ ವಾದವನ್ನು ನಾನು ಹಗುರವೆಂದು ತಿಳಿಯುವುದಿಲ್ಲ. ಠಾಕೂರರೇ 1914ರಲ್ಲಿ ಬರೆದ ‘ಸ್ತ್ರೀರ್ ಪತ್ರ’ ಎಂಬ ಕಥೆಯಲ್ಲಿ ಇದಕ್ಕೆ ಸಾಕ್ಷಿಯಿದೆ. ಮೃಣಾಲ ಎಂಬ ಗೃಹಿಣಿಯು ಮದುವೆಯಾದ ಹದಿನೈದು ವರ್ಷಗಳ ಮೇಲೆ, ಪುರಿಯ ಸಮುದ್ರತೀರದಿಂದ ಗಂಡನಿಗೆ ಬರೆದ ಪತ್ರವೇ ಆ ಕಥೆ. ಅಷ್ಟೂ ವರ್ಷ ಆಕೆ ಗುಟ್ಟಾಗಿ ಕವಿತೆಗಳನ್ನು ಬರೆದುಕೊಂಡಿದ್ದಳು. ಮನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಒಬ್ಬರು ನಗುತ್ತಿದ್ದರು, ಇನ್ನೊಬ್ಬರು ಬೈಯುತ್ತಿದ್ದರು. ಆಕೆ ಬದುಕಿ ಉಳಿದದ್ದು ಆ ಗುಟ್ಟಿನ ಆಸರೆಯಿಂದ. ಹಾಗಾದರೆ ಮನೆಯವರು ಅರಿಯದಿದ್ದುದೇ ಉಪಕಾರವಾಯಿತಲ್ಲ!

ಆದರೆ ಇಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಸೇರಿಹೋಗಿವೆ. ಒಳಕೋಣೆಯಲ್ಲಿ ಏನಿದೆಯೆಂದು ತಿಳಿಯದಿರುವುದು ಒಂದು. ಒಳಕೋಣೆಯೇ ಇಲ್ಲವೆಂದು ತಿಳಿದಿರುವುದು ಇನ್ನೊಂದು. ಮೃಣಾಲೆಯ ಮನೆಯವರು ಅವಳ ಕವಿತೆಗಳನ್ನು ಓದಲಿಲ್ಲವೆಂಬುದು ದೂರಲ್ಲ. ಮನೆಯ ಎರಡನೆಯ ಸೊಸೆಯೆಂಬ ಸ್ಥಾನದ ಆಚೆಗೆ ಅವಳಲ್ಲಿ ಇನ್ನೇನಾದರೂ ಇದ್ದೀತೆಂಬ ಸಂಶಯವೂ ಅವರಿಗೆ ಬರಲಿಲ್ಲವೆಂಬುದೇ ದೂರು. ಅವಳನ್ನು ಆಶ್ರಯಿಸಿ ಬಂದ ಬಿಂದು ಎಂಬ ಹುಡುಗಿಯನ್ನು ಹುಚ್ಚನಿಗೆ ಮದುವೆಮಾಡಿಕೊಟ್ಟು, ಆ ಹುಡುಗಿ ಬೆಂಕಿಗೆ ಆಹುತಿಯಾದಾಗಲೂ ಆ ಮನೆಯ ದಿನಚರಿ ಕದಲಲಿಲ್ಲ. ಮನಸ್ಸೆಂಬುದು ಇಲ್ಲವೆಂದು ತಿಳಿದ ಕಡೆಯಲ್ಲಿ ಮನಸ್ಸು ಮುರಿದದ್ದು ಹೇಗೆ ಕಂಡೀತು? ಆದ್ದರಿಂದ ನಾನು ಹೇಳತಕ್ಕ ಕರ್ತವ್ಯವು ಬಹು ಸಣ್ಣದು. ಹೆಂಡತಿಯ, ತಾಯಿಯ, ತಂಗಿಯ ಮನಸ್ಸಿನ ಬೀಗವನ್ನು ತೆಗೆಸಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲೊಂದು ಬಾಗಿಲಿದೆಯೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಅದರ ಮುಂದೆ ನಡೆಯುವಾಗ ಸ್ವಲ್ಪ ನಿಧಾನಿಸಬೇಕು. ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿರಬೇಕು. ಇಷ್ಟನ್ನು ಮಾಡದವನು, ಉಳಿದೆಲ್ಲದರಲ್ಲಿ ಧರ್ಮಾತ್ಮನಾಗಿದ್ದರೂ, ಏನೋ ಒಂದನ್ನು ಮಾಡದೆ ಬಿಟ್ಟಿದ್ದಾನೆ. ಅದನ್ನು ಅನ್ಯಾಯವೆಂದು ಕರೆಯಲು ನನಗೆ ಸಂಕೋಚವಿಲ್ಲ.

ಏಕಾಕಿತನವು ಸ್ತ್ರೀಯರಿಗೇ ಮೀಸಲೆ ಎಂದು ಕೇಳುವವರಿಗೆ ಚೆಕಾಫನ ಕಥೆಯೊಂದು ನೆನಪಾಗಬಹುದು. 1886ರಲ್ಲಿ ಬರೆದದ್ದು, ಮಗನನ್ನು ಕಳೆದುಕೊಂಡ ಮುದಿ ಗಾಡಿಯವನು ತನ್ನ ದುಃಖವನ್ನು ಕೇಳುವವರು ಸಿಕ್ಕದೆ ಕಡೆಗೆ ಕುದುರೆಗೆ ಹೇಳಿಕೊಳ್ಳುತ್ತಾನೆ. ಗಂಡಸೂ ಒಂಟಿಯೇ, ನಿಜ. ಆದರೆ ಆ ಗಾಡಿಯವನು ಊರೆಲ್ಲ ಸುತ್ತಿ ನಾಲ್ಕಾರು ಜನರನ್ನು ಮಾತನಾಡಿಸಿ ನೋಡುವುದಕ್ಕಾದರೂ ಅವಕಾಶವಿತ್ತು. ನಮ್ಮ ಮನೆಗಳ ವಿಚಿತ್ರವೆಂದರೆ ಹೆಂಗಸಿನ ಕೆಲಸವು ಚೆನ್ನಾಗಿ ನಡೆದಷ್ಟೂ ಹೆಂಗಸು ಕಾಣದಾಗುತ್ತಾಳೆ. ಹೊತ್ತಿಗೆ ಸರಿಯಾಗಿ ಎಲೆಯ ಮೇಲೆ ಅನ್ನ ಬಂದರೆ ಬಡಿಸಿದ ಕೈಯ ಕಡೆಗೆ ಯಾರೂ ನೋಡುವುದಿಲ್ಲ. ಸಾರಿಗೆ ಉಪ್ಪು ತಪ್ಪಿದ ದಿನ ಮಾತ್ರ ತಲೆಯೆತ್ತಿ ನೋಡುತ್ತೇವೆ. ಈಚೆಗೆ ಹೆಂಗಸರು ಕಚೇರಿಗೂ ಹೋಗುತ್ತಾರೆ, ಸಂಬಳವನ್ನೂ ತರುತ್ತಾರೆ. ಅಡುಗೆಯ ಭಾರ ಅನೇಕ ಮನೆಗಳಲ್ಲಿ ಇನ್ನೂ ಇದ್ದಲ್ಲಿಯೇ ಇದೆ. ಕಾಣದಿರುವ ರೀತಿ ಮಾತ್ರ ಎರಡಾಯಿತು.

ಮನೆಯಲ್ಲಿ ಕೇಳುವವರಿಲ್ಲದ ಮಾತು ಹೊರಗೆ ಎಲ್ಲಿಗೆ ಹೋಗುತ್ತದೆಂಬುದನ್ನು ಮಾಸ್ತಿಯವರ ‘ಮೊಸರಿನ ಮಂಗಮ್ಮ’ದಲ್ಲಿ ನೋಡಬಹುದು. ಮಂಗಮ್ಮನು ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವವಳು. ಮೊಮ್ಮಗನನ್ನು ಸೊಸೆ ಹೊಡೆದಳೆಂಬುದರಿಂದ ಜಗಳ ಹುಟ್ಟಿ, ಮಗನೂ ಹೆಂಡತಿಯ ಕಡೆಗಾಗಿ, ಮುದುಕಿ ಬೇರೆಯಾಗುತ್ತಾಳೆ. ತನ್ನ ಗಂಡನು ತನ್ನನ್ನು ಬಿಟ್ಟು ಮತ್ತೊಬ್ಬಳ ಹಿಂದೆ ಹೋದ ಹಳೆಯ ನೋವಿನಿಂದ ಹಿಡಿದು ಇಂದಿನ ಮಾತಿನವರೆಗೆ ಎಲ್ಲವನ್ನೂ ಆಕೆ ಹೇಳಿಕೊಳ್ಳುವುದು ಮೊಸರು ಕೊಳ್ಳುವ ಮನೆಯ ಅಮ್ಮನ ಮುಂದೆ. ಕಥೆಯನ್ನು ನಮಗೆ ಹೇಳತಕ್ಕವಳೂ ಆ ಅಮ್ಮನೇ. ಆಕೆ ಉಪದೇಶ ಮಾಡುವುದು ಕಡಮೆ. ಕೂರಿಸಿ, ಕೇಳಿ, ನಡುನಡುವೆ ಒಂದು ಪ್ರಶ್ನೆ ಹಾಕುತ್ತಾಳೆ, ಅಷ್ಟೇ. ಒಂಟಿಯಾದ ಆ ಹೊತ್ತಿನಲ್ಲಿಯೇ ಮಂಗಮ್ಮನು ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ದುಡ್ಡಿನ ವಾಸನೆ ಹಿಡಿದು ರಂಗಪ್ಪನೆಂಬವನು ಸುಳಿದಾಡುತ್ತಾನೆ. ನಗುವವರು ನಗಬಹುದು. ಈ ವಯಸ್ಸಿನಲ್ಲಿ ಮಖಮಲ್ಲೇ ಎಂದು ಕೇಳುವ ಊರಿನವರಿಗೆ ಆ ಜಾಕೀಟಿನ ಒಳಗಿರುವ ಬರಿದುತನ ತಿಳಿಯದು. ಕೇಳುತ್ತ ಕುಳಿತ ಅಮ್ಮನಿಗೆ ತಿಳಿಯುತ್ತದೆ. ಕೊನೆಗೆ ಮೊಮ್ಮಗನೇ ಅಜ್ಜಿಯನ್ನು ಮನೆಗೆ ಸೇರಿಸುತ್ತಾನೆ. ಮಾಸ್ತಿಯವರು ಇದನ್ನೆಲ್ಲ ಎಷ್ಟು ಸಲೀಸಾಗಿ ಹೇಳಿದ್ದಾರೆಂದರೆ, ಬಾಗಿಲ ಬಳಿ ಕುಳಿತು ಕೇಳುವುದೂ ಒಂದು ಪುಣ್ಯಕಾರ್ಯವೆಂಬುದು ಓದಿ ಮುಗಿಸಿದ ಎಷ್ಟೋ ದಿನಗಳ ಮೇಲೆ ನಮಗೆ ಹೊಳೆಯುತ್ತದೆ.

ಮೊಸರು ಮಾರಲು ಹೊರಗೆ ಬರುವ ಅವಕಾಶವಿಲ್ಲದವರಿಗೆ ಬೀಸುವ ಕಲ್ಲಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಸಂಗ್ರಹಿಸಿಕೊಟ್ಟ ತ್ರಿಪದಿಗಳಲ್ಲಿ ಅನೇಕವು ಬೆಳಗಿನ ಜಾವ ಕಲ್ಲಿನ ಮುಂದೆ ಹುಟ್ಟಿದವು. ತವರಿನ ಹಂಬಲ, ಅತ್ತಿಗೆಯ ಮಾತಿನ ಚುಚ್ಚು, ಮಕ್ಕಳಿಲ್ಲದ ಕೊರಗು, ಗಂಡನ ಮೇಲಿನ ಮುನಿಸು, ಎಲ್ಲವನ್ನೂ ಕಲ್ಲು ಕೇಳಿಸಿಕೊಂಡಿತು. ಹಿಟ್ಟಿನ ಗಿರಣಿ ಬಂದಮೇಲೆ ರಟ್ಟೆಗೆ ವಿಶ್ರಾಂತಿ ದೊರೆಯಿತು. ಆ ಜಾವದ ಹಾಡೂ ನಿಂತಿತು. ಬೀಸುವ ಕಲ್ಲು ಮರಳಿ ಬರಲೆಂದು ಹಾರೈಸುವವರು ಒಂದು ಪಾವು ರಾಗಿಯನ್ನು ಬೀಸಿ ನೋಡಲಿ! ಆದರೆ ಯಂತ್ರವು ಕಲ್ಲಿನ ಒಂದು ಕೆಲಸವನ್ನು ವಹಿಸಿಕೊಂಡು ಇನ್ನೊಂದನ್ನು ಬಿಟ್ಟಿತೆಂಬುದನ್ನು ಒಪ್ಪಬೇಕು. ಬಿಟ್ಟುಹೋದ ಆ ಕೆಲಸವೇ ಸಣ್ಣಕಥೆಯ ಪಾಲಿಗೆ ಬಂದಿತೆಂದು ನಾನು ಕೆಲವೊಮ್ಮೆ ಯೋಚಿಸುತ್ತೇನೆ. ಮಹಾಕಾವ್ಯಕ್ಕೆ ಯುದ್ಧ ಬೇಕು, ಕಾದಂಬರಿಗೆ ಸಂಗತಿಗಳ ಸರಣಿ ಬೇಕು. ಒಂಟಿತನದಲ್ಲಿ ಸಂಗತಿಯೇ ಇಲ್ಲವಲ್ಲ. ವಾಲ್ಮೀಕಿಯು ಹದಿನಾಲ್ಕು ವರ್ಷಗಳ ವನವಾಸವನ್ನು ಹೇಳುತ್ತ ಅಯೋಧ್ಯೆಯಲ್ಲಿ ಉಳಿದ ಊರ್ಮಿಳೆಯನ್ನು ಮರೆತನೆಂದು ಠಾಕೂರರು ‘ಕಾವ್ಯೇರ್ ಉಪೇಕ್ಷಿತಾ’ ಎಂಬ ಪ್ರಬಂಧದಲ್ಲಿ ನೊಂದುಕೊಂಡರು. ನಮ್ಮ ಕುವೆಂಪು ಅವರು 1949ರಲ್ಲಿ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಆ ಸಾಲವನ್ನು ತೀರಿಸಿ ಊರ್ಮಿಳೆಯನ್ನು ತಪಸ್ವಿನಿಯನ್ನಾಗಿ ಮಾಡಿದರು. ಆದರೂ ಎಲ್ಲ ಊರ್ಮಿಳೆಯರೂ ತಪಸ್ವಿನಿಯರಲ್ಲ. ಬೇಸರಪಡುವ ಊರ್ಮಿಳೆ, ಸಿಟ್ಟಾಗುವ ಊರ್ಮಿಳೆ, ಕಿಟಕಿಯಿಂದ ಬೀದಿ ನೋಡುವ ಊರ್ಮಿಳೆಯೂ ಇರಬಹುದು. ಅವರಿಗೆ ಹತ್ತು ಪುಟದ ಕಥೆಯೇ ಸರಿಯಾದ ತಾವು.

ಕನ್ನಡದಲ್ಲಿ ಆ ತಾವನ್ನು ಮೊದಲು ಒದಗಿಸಿದವರಲ್ಲಿ ಕೊಡಗಿನ ಗೌರಮ್ಮನವರನ್ನು ನೆನೆಯಬೇಕು. 1912ರಲ್ಲಿ ಹುಟ್ಟಿ, 1939ರಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಈ ಲೇಖಕಿಯ ಕಥೆಗಳು ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಗ್ರಹಗಳಲ್ಲಿವೆ. ಅವರು ಕಥೆಗಳ ಕೆಳಗೆ ಹಾಕುತ್ತಿದ್ದ ಹೆಸರು ಮಿಸೆಸ್ ಬಿ. ಟಿ. ಜಿ. ಕೃಷ್ಣ ಎಂದು. ಅಂದಿನ ರೂಢಿಯೇ ಹಾಗಿತ್ತು. ಅದರಲ್ಲಿ ಬಲವಂತವನ್ನು ಹುಡುಕಬೇಕಾಗಿಲ್ಲ. ಆದರೂ ಸ್ತ್ರೀಯ ಒಳಮನಸ್ಸನ್ನು ಇಷ್ಟು ನೇರವಾಗಿ ಬಿಚ್ಚಿದ ಲೇಖನಿಯು ಪುಟದ ಕೊನೆಯಲ್ಲಿ ಪತಿಯ ಹೆಸರಿನ ಹಿಂದೆ ಸರಿದು ನಿಲ್ಲುವುದನ್ನು ಕಂಡಾಗ ಮನಸ್ಸು ಒಂದು ಕ್ಷಣ ತಡೆಯುತ್ತದೆ. ಅವರ ಒಂದು ಕಥೆಯ ಹೆಸರು ‘ಅಪರಾಧಿ ಯಾರು?’ ಎಂದು. ಅಪರಾಧಿಯ ಹೆಸರನ್ನು ಹೇಳುವ ಅವಸರ ಅವರಿಗಿಲ್ಲ. ಪ್ರಶ್ನಾರ್ಥಕ ಚಿಹ್ನೆಯನ್ನು ಓದುವವರ ಮನೆಯ ಜಗಲಿಯಲ್ಲಿ ಇಟ್ಟುಹೋಗುವುದು ಅವರ ರೀತಿ.

ಓದುವವರ ವಿಚಾರವಾಗಿ ಒಂದು ಎಚ್ಚರವನ್ನು ಹೇಳದೆ ಇರಲಾರೆ. ಕಥೆಯಲ್ಲಿ ನಮಗೆ ಒಂದು ಸುಲಭವಾದ ಸೌಕರ್ಯವಿದೆ. ಚಾರುಲತೆಯ ಮನಸ್ಸನ್ನು ಠಾಕೂರರು ತೆರೆದು ತೋರಿಸುತ್ತಾರೆ, ನಾವು ಕಣ್ಣೀರಿಡುತ್ತೇವೆ, ಭೂಪತಿಯನ್ನು ಮಂದಮತಿಯೆಂದು ಹಳಿಯುತ್ತೇವೆ. ಅಷ್ಟರಲ್ಲಿ ಮೇಜಿನ ಮೇಲೆ ಕಾಫಿ ಬಂದು ಕುಳಿತಿರುತ್ತದೆ. ತಂದಿಟ್ಟವರು ಯಾವಾಗ ಬಂದು ಹೋದರೆಂಬುದು ತಿಳಿಯುವುದಿಲ್ಲ. ಭೂಪತಿಗೆ ವೃತ್ತಪತ್ರಿಕೆ ಹೇಗೋ ನಮಗೆ ‘ನಷ್ಟನೀಡ’ ಹಾಗಾಗಬಹುದು. ಕಥೆಯಿಂದ ಹುಟ್ಟಿದ ಮರುಕವು ಕಥೆಯಲ್ಲಿಯೇ ಖರ್ಚಾಗಿಹೋದರೆ ಮನೆಯವರಿಗೆ ಉಳಿಯುವುದೇನು? ಹಾಗೆಂದು ಓದುವುದನ್ನು ಬಿಡಬೇಕೆನ್ನಲಾರೆ. ಎದುರಿಗಿರುವವರ ಮನಸ್ಸನ್ನು ಯಾವ ಕಥೆಗಾರನೂ ನಮಗೆ ತೆರೆದು ತೋರಿಸುವುದಿಲ್ಲ, ಅವರು ಆಡಿದ ಅರ್ಧ ಮಾತಿನಿಂದ, ಆಡದೆ ನುಂಗಿಕೊಂಡ ಇನ್ನರ್ಧದಿಂದ ನಾವೇ ಊಹಿಸಬೇಕು ಎಂಬುದನ್ನು ಮರೆಯಬಾರದೆಂದಷ್ಟೇ ಹೇಳುತ್ತೇನೆ. ಇದು ಓದುವುದಕ್ಕಿಂತ ಕಷ್ಟದ ಕೆಲಸ; ತಪ್ಪು ಊಹೆಗಳೂ ಆಗುತ್ತವೆ. ಇನ್ನೊಂದನ್ನೂ ಗಮನಿಸಬೇಕು. ಮಾಸಪತ್ರಿಕೆಯನ್ನು ಯಜಮಾನರು ಓದಿ ಮುಗಿಸಿದಮೇಲೆ ಅದು ಒಳಗೆ ಹೋಗುತ್ತದೆ. ಒಳಗಿನವರೂ ಅದೇ ಕಥೆಯನ್ನು ಓದುತ್ತಾರೆ. ಅವರು ಅದರ ವಿಷಯ ಏನನ್ನೂ ಹೇಳದೆ ಪತ್ರಿಕೆಯನ್ನು ಮರಳಿ ಮೇಜಿನ ಮೇಲಿಟ್ಟರೆ, ಅವರಿಗೆ ಹೇಳುವುದೇನೂ ಇರಲಿಲ್ಲವೆಂದು ತಿಳಿಯುವುದು ಭೂಪತಿಯ ತರ್ಕ.

ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಕನ್ನಡಿಗರೆಲ್ಲ ಹಿಗ್ಗಿದರು. ಅನುವಾದಿಸಿದ ದೀಪಾ ಭಾಸ್ತಿಯವರೇ ಗೌರಮ್ಮನವರ ಕಥೆಗಳನ್ನೂ ಇಂಗ್ಲಿಷಿಗೆ ತಂದವರು. ಆ ಸಂಗ್ರಹಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ ಕಥೆಯಲ್ಲಿ ತಪ್ಪುಮಾಡಿದ ಗಂಡನಿದ್ದಾನೆ; ಆ ಅಂಶದಲ್ಲಿ ಅದು ನಾನು ಬದಿಗಿಟ್ಟ ಕಥೆಗಳ ಸಾಲಿಗೆ ಸೇರಬೇಕು. ಆದರೂ ಅದನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. ಗಂಡನು ಬೇರೊಬ್ಬಳ ಕಡೆ ಹೋದನೆಂದು ಮೆಹರೂನ್ ತವರಿಗೆ ಬಂದರೆ, ಅಲ್ಲಿ ಅಣ್ಣತಮ್ಮಂದಿರು ಮನೆತನದ ಮರ್ಯಾದೆಯ ಲೆಕ್ಕವನ್ನು ಹೇಳಿ ಅವಳನ್ನು ಮರಳಿ ಕರೆದುಕೊಂಡು ಹೋಗಿ ಬಿಡುತ್ತಾರೆ. ಹತ್ತಾರು ಜನ ಒಳಹೊರಗೆ ಓಡಾಡಿದ ಆ ದಿನದಲ್ಲಿ ಅವಳನ್ನು ಕಂಡವರು ಯಾರೂ ಇಲ್ಲ. ರಾತ್ರಿ ಅವಳು ಸೀಮೆಎಣ್ಣೆಯ ಡಬ್ಬಿಯನ್ನು ಹುಡುಕಿ ಅಂಗಳಕ್ಕೆ ಹೋಗುತ್ತಾಳೆ. ಎದ್ದು ಓಡಿಬಂದವಳು ಮಗಳು ಸಲ್ಮಾ. ಕೈಯಲ್ಲಿ ಎಳೆಯ ತಂಗಿ. ಆ ಹುಡುಗಿ ನ್ಯಾಯ ಅನ್ಯಾಯದ ಮಾತನ್ನು ಎತ್ತುವುದಿಲ್ಲ. ತಾಯಿಯ ಕಾಲುಗಳನ್ನು ತಬ್ಬಿ, ನಮ್ಮನ್ನು ಬಿಟ್ಟು ಹೋಗಬೇಡವೆಂದು ಅಳುತ್ತಾಳೆ. ಏಳನೆಯ ಹೆಜ್ಜೆಯ ಮಾತು ಕೊಟ್ಟವನು ಎಲ್ಲಿಯೋ ಇದ್ದಾನೆ, ಒಡಹುಟ್ಟಿದವರು ತಮ್ಮ ಹಾಸಿಗೆಗಳಲ್ಲಿ ಸುಖವಾಗಿ ಮಲಗಿದ್ದಾರೆ. ಸಖಿಯು ಮಾಡಬೇಕಾದ ಕೆಲಸವನ್ನು ನಡುರಾತ್ರಿಯಲ್ಲಿ ಆ ಮಗಳು ಮಾಡುತ್ತಾಳೆ. ರಾತ್ರಿಯೆಲ್ಲ ತಾಯಿಯ ಮೇಲೆ ಅವಳಿಗೆ ಒಂದು ಕಣ್ಣಿತ್ತು.

‘ನಷ್ಟನೀಡ’ದ ಕೊನೆಯನ್ನು ಹೇಳುವುದು ಉಳಿಯಿತು. ಎಲ್ಲವನ್ನೂ ತಿಳಿದಮೇಲೆ ಭೂಪತಿಯು ನಮ್ಮ ಮೈಸೂರಿನಲ್ಲಿ ಪತ್ರಿಕೆಯೊಂದರ ಸಂಪಾದಕತ್ವವನ್ನು ಒಪ್ಪಿಕೊಂಡು ಹೊರಡುತ್ತಾನೆ. ತನ್ನನ್ನೂ ಕರೆದುಕೊಂಡು ಹೋಗೆಂದು ಚಾರು ಅವನ ಕೈ ಹಿಡಿಯುತ್ತಾಳೆ. ಅವನು ಮೊದಲು ತಡೆದು, ಆಗದೆನ್ನುತ್ತಾನೆ. ಆಮೇಲೆ ಅವಳ ಮುಖ ಬಿಳಿಚಿದ್ದನ್ನು ಕಂಡು ಬಾ ಎಂದು ಕರೆಯುತ್ತಾನೆ. ಅಷ್ಟರಲ್ಲಿ ಅವಳಿಗೆ ಬೇಡವಾಗಿರುತ್ತದೆ. ಮದುವೆಯಾದಂದಿನಿಂದ ಅವನು ಅವಳ ಮುಖವನ್ನು ನೋಡಿ ಮನಸ್ಸನ್ನು ಸರಿಯಾಗಿ ಓದಿದ್ದು ಆ ಗಳಿಗೆಯೊಂದರಲ್ಲಿಯೇ ಇರಬೇಕು. ಮೈಸೂರಿನಲ್ಲಿ ಅವನು ಹೇಗೆ ಬಾಳಿದನೆಂಬುದನ್ನು ಠಾಕೂರರು ಹೇಳಲಿಲ್ಲ.